ಲಾ ಸೇರೋಕೆ ಎಷ್ಟು ಪರ್ಸೆಂಟ್ ಬೇಕು?

ದೋಣಿಗಲ್ ಕಡೆ ಕೋರ್ಟು ಯಾರಿಗೂ ಹೊಸದಲ್ಲ. ತೋಟದ ಬೇಲಿ, ಓಡಾಡುವ ದಾರಿ, ಅಣ್ಣತಮ್ಮಂದಿರ ಪಾಲು, ಹೀಗೆ ಯಾವುದಾದರೂ ಒಂದಕ್ಕೆ ಸಕಲೇಶಪುರದ ಕೋರ್ಟಿನ ಮೆಟ್ಟಿಲು ಹತ್ತದ ಮನೆಯನ್ನು ಹುಡುಕಬೇಕು. ವಕೀಲರು ಎಲ್ಲರಿಗೂ ಗೊತ್ತು. ವಕೀಲರಾಗೋದು ಹೇಗೆ ಅನ್ನೋದು ಮಾತ್ರ ನಮ್ಮ ಓರಗೆಯವರಿಗೆ ಗೊತ್ತಿರಲಿಲ್ಲ. ಪಿಯುಸಿ ಸೈನ್ಸ್ ಅಂದ್ರೆ ಸಿಇಟಿ, ಸಿಇಟಿ ಅಂದ್ರೆ ಬಿಇ. ನಾನೂ ಅದೇ ಬಸ್ಸು ಹತ್ತಿದವನು.

ಈಗ ಊರಿನ ಮಕ್ಕಳು ಫೋನ್ ಮಾಡಿ ಕೇಳ್ತಾರೆ, "ಅಣ್ಣ, ಲಾ ಸೇರೋಕೆ ಎಷ್ಟು ಪರ್ಸೆಂಟ್ ಬೇಕು?" ಉತ್ತರ ಸುಲಭ. ಪಿಯುಸಿ ಆದಮೇಲಿನ ಐದು ವರ್ಷದ ಕೋರ್ಸಿಗೆ ಬಾರ್ ಕೌನ್ಸಿಲ್ ಕೇಳೋದು ಸಾಮಾನ್ಯ ವರ್ಗಕ್ಕೆ 45, ಹಿಂದುಳಿದ ವರ್ಗಕ್ಕೆ 42, ಪರಿಶಿಷ್ಟ ಜಾತಿ, ಪಂಗಡದವರಿಗೆ 40 ಪರ್ಸೆಂಟ್. ಆರ್ಟ್ಸ್, ಕಾಮರ್ಸ್, ಸೈನ್ಸ್ ಯಾವುದಾದರೂ ಸರಿ.

ಬಾಗಿಲು ಇಷ್ಟು ಅಗಲವಾದದ್ದು ಇತ್ತೀಚೆಗೆ. ಬ್ರಿಟಿಷರ ಕಾಲದಲ್ಲಿ ಲಾ ಡಿಗ್ರಿ ಇಲ್ಲದೆ ಪರೀಕ್ಷೆ ಪಾಸು ಮಾಡಿ ಸನದು ಪಡೆದ ಪ್ಲೀಡರುಗಳಿದ್ದರು. 1961ರ ವಕೀಲರ ಕಾಯ್ದೆ ಬಂದು ಎಲ್ಲರನ್ನೂ ಒಂದೇ ಪಟ್ಟಿಗೆ ತಂದಿತು. 1967ರ ಮಾರ್ಚ್ ನಂತರ ಮೊದಲು ಒಂದು ಡಿಗ್ರಿ, ಆಮೇಲೆ ಮೂರು ವರ್ಷ ಲಾ ಅನ್ನೋದು ನಿಯಮವಾಯ್ತು. ಮಗನನ್ನು ಅಷ್ಟು ವರ್ಷ ಪೇಟೆಯಲ್ಲಿ ಇಟ್ಟು ಸಾಕಬಲ್ಲ ಮನೆ ಮಲೆನಾಡಿನ ಹಳ್ಳಿಯಲ್ಲಿ ಎಷ್ಟಿದ್ದವು? ಪಿಯುಸಿಯಿಂದ ನೇರ ಲಾಗೆ ಹೋಗುವ ದಾರಿ ಗಟ್ಟಿಯಾದದ್ದು 1980ರ ದಶಕದಲ್ಲಿ. ಅದಕ್ಕೆ ಮಾದರಿ ಹಾಕಿಕೊಟ್ಟದ್ದು ನಮ್ಮ ಬೆಂಗಳೂರೇ. ರಾಜ್ಯದ 1986ರ ಕಾಯ್ದೆಯಿಂದ ಹುಟ್ಟಿದ ನ್ಯಾಷನಲ್ ಲಾ ಸ್ಕೂಲು 1988ರಲ್ಲಿ ಮಾಧವ ಮೆನನ್ ನೇತೃತ್ವದಲ್ಲಿ ಪಾಠ ಶುರು ಮಾಡಿತು.

ನಡುವೆ ಬಾಗಿಲು ಕಿರಿದಾದದ್ದೂ ಉಂಟು. 2008ರ ನಿಯಮಗಳಲ್ಲಿ ಐದು ವರ್ಷದ ಕೋರ್ಸಿಗೆ ಸಾಮಾನ್ಯ ವರ್ಗದವರಿಗೆ 20 ವರ್ಷ ಮೀರಿರಬಾರದು ಅಂತ ಸೇರಿಸಿದರು. ಅಪ್ಪ ಹುಷಾರಿಲ್ಲದೆ ಮಲಗಿದ್ದಾಗ ಮೂರ್ನಾಲ್ಕು ವರ್ಷ ತೋಟ ನೋಡಿಕೊಂಡು ಮತ್ತೆ ಓದೋಕೆ ಹೊರಟ ಹುಡುಗ ಅಲ್ಲಿಗೆ ಔಟ್. 2013ರಲ್ಲಿ ಅದನ್ನು ಹಿಂತೆಗೆದರು, 2016ರಲ್ಲಿ ಮತ್ತೆ ತಂದರು. 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು.

ಆದರೆ 45 ಪರ್ಸೆಂಟ್ ಅನ್ನೋದು, ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ, ಫಾರ್ಮಿನ ವ್ಯಾಲಿಡೇಶನ್ ಅಷ್ಟೇ. ಲಾ ಸ್ಕೂಲಿನಂಥ ಕಡೆ ನಿಜವಾಗಿ ಸೋಸುವುದು 2008ರಲ್ಲಿ ಶುರುವಾದ ಕ್ಲಾಟ್. ಸಾಮಾನ್ಯ ವರ್ಗದವರಿಗೆ ಅರ್ಜಿಗೇ ನಾಲ್ಕು ಸಾವಿರ ರೂಪಾಯಿ. ಎರಡು ಗಂಟೆ, 120 ಪ್ರಶ್ನೆ, ಉದ್ದುದ್ದ ಪ್ಯಾರಾಗಳು, ಎಲ್ಲವೂ ಇಂಗ್ಲಿಷಿನಲ್ಲಿ. ತಾಲ್ಲೂಕು ಕೋರ್ಟಿನಲ್ಲಿ ಸಾಕ್ಷಿ ಕಟಕಟೆ ಹತ್ತಿದವರು ಮಾತಾಡೋದು ಕನ್ನಡ. ಅವರ ಮಾತನ್ನು ಚೆನ್ನಾಗಿ ಹಿಡಿಯಬಲ್ಲ ಹುಡುಗಿ ಕನ್ನಡ ಮೀಡಿಯಂನಲ್ಲಿ ಓದಿದವಳಾದರೆ ಈ ಪ್ಯಾರಾಗಳಲ್ಲೇ ಎಡವುತ್ತಾಳೆ. ಇದು ನನಗೆ ಸರಿ ಕಾಣೋದಿಲ್ಲ. ವಕೀಲರಿಗೆ ಇಂಗ್ಲಿಷ್ ಬೇಕು, ನಿಜ. ಅದನ್ನು ಒಳಗೆ ಕರೆದುಕೊಂಡಮೇಲೂ ಕಲಿಸಬಹುದಲ್ಲ?

ಕ್ಲಾಟ್ ಬೇಡ ಅನ್ನುವವರಿಗೆ ಹುಬ್ಬಳ್ಳಿಯಲ್ಲಿ 2009ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕಾಲೇಜುಗಳಿವೆ. ಅಲ್ಲಿ ಪಿಯುಸಿ ಅಂಕದ ಮೇಲೆ ಸೀಟು, ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ನಮ್ಮ ಕಡೆಯ ಹೆಚ್ಚಿನ ಮಕ್ಕಳಿಗೆ ಕೈಗೆಟುಕುವ ದಾರಿ ಇದೇ. ಇದನ್ನು ಎರಡನೇ ದರ್ಜೆ ಅಂತ ಮೂಗು ಮುರಿಯುವವರು ಒಮ್ಮೆ ಜಿಲ್ಲಾ ಕೋರ್ಟಿಗೆ ಹೋಗಿ ನೋಡಲಿ.

ಹಾಗಂತ ನಾಗರಬಾವಿಯ ಆಸೆ ಬಿಡಬೇಕಿಲ್ಲ. 2020ರಲ್ಲಿ ರಾಜ್ಯ ಸರ್ಕಾರ ಕಾಯ್ದೆ ತಿದ್ದಿ ಲಾ ಸ್ಕೂಲಿನಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ 25 ಮೀಸಲು ತಂದಿತು. ಅದೇ ಸೆಪ್ಟೆಂಬರಿನಲ್ಲಿ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದು ಮಾಡಿತು. ಆಮೇಲೆ ಲಾ ಸ್ಕೂಲು ತಾನಾಗಿಯೇ ಶೇ 25 ಜಾರಿಗೆ ತಂದಿತು. ಕರ್ನಾಟಕದ ವಿದ್ಯಾರ್ಥಿ ಅನ್ನಿಸಿಕೊಳ್ಳೋಕೆ ಇಲ್ಲಿ ಹತ್ತು ವರ್ಷ ಓದಿರಬೇಕು. ಊರಿನಲ್ಲಿ ಒಂದನೇ ಕ್ಲಾಸು ಶುರು ಮಾಡಿ ಸಕಲೇಶಪುರದಲ್ಲಿ ಪಿಯುಸಿ ಮುಗಿಸಿದವರಿಗೆ ಹನ್ನೆರಡಾಗಿರುತ್ತದೆ.