ಕಿಡಿಗೊಂದು ಅಂಕಿ

ಮೋಟಾರು ಗಾಡಿಯ ಇತಿಹಾಸ ಬರೆಯುವವರು ಎಂಜಿನ್ನಿನ ಬಲವನ್ನೂ ಓಟದ ವೇಗವನ್ನೂ ವರ್ಣಿಸುತ್ತಾರೆ. ಹೆಬ್ಬೆರಳಿಗಿಂತ ತುಸು ಉದ್ದವಾದ ಸ್ಪಾರ್ಕ್ ಪ್ಲಗ್ಗಿಗೆ ಅಲ್ಲಿ ಒಂದು ಸಾಲು ದೊರೆತರೆ ಹೆಚ್ಚು. ಆದರೆ ಪೆಟ್ರೋಲ್ ಕಾರು ಸಂಸಾರಸ್ಥರ ಮನೆಯ ಮುಂದೆ ನಿಲ್ಲುವಂತಾದುದು ಕಿಡಿಯ ಸಮಸ್ಯೆ ಬಗೆಹರಿದ ಮೇಲೆಯೇ.

ಪ್ಯಾರಿಸ್ಸಿನಲ್ಲಿದ್ದ ಲನ್ವಾರ್ ಎಂಬಾತ 1860ರಲ್ಲಿ ತನ್ನ ಅನಿಲ ಎಂಜಿನ್ನಿಗೆ ವಿದ್ಯುತ್ತಿನ ಕಿಡಿಯನ್ನು ಬಳಸಿದನು. ಆದರೂ ಬಹುಕಾಲ ಅದನ್ನು ನಂಬುವಂತಿರಲಿಲ್ಲ. ಡೈಮ್ಲರನ ಮೊದಲ ಎಂಜಿನ್ನುಗಳಲ್ಲಿ ಉರಿಯಿಂದ ಕೆಂಪಗೆ ಕಾಸಿದ ಕೊಳವೆಯೇ ಇಂಧನವನ್ನು ಹೊತ್ತಿಸುತ್ತಿತ್ತು. 1902ರಲ್ಲಿ ಸ್ಟುಟ್‌ಗಾರ್ಟಿನ ಬಾಷ್ ಕಾರ್ಖಾನೆಯ ಹೊನೋಲ್ಡ್ ಎಂಬ ಎಂಜಿನಿಯರ್, ಹೆಚ್ಚು ಒತ್ತಡದ ವಿದ್ಯುತ್ತನ್ನು ಕೊಡುವ ಮ್ಯಾಗ್ನೆಟೋವನ್ನೂ ಅದಕ್ಕೆ ತಕ್ಕ ಪ್ಲಗ್ಗನ್ನೂ ಕೂಡಿಸಿ ಕೊಟ್ಟನು. ಅಲ್ಲಿಂದ ಮುಂದೆ ಕಿಡಿ ಕೈಗೆ ಪಳಗಿತು.

ಆ ಕಾರ್ಖಾನೆಯ ವಿದ್ಯೆ ಕನ್ನಡನಾಡಿಗೆ ಬಂದುದೂ ಒಂದು ಕಥೆಯೇ. 1951ರಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಎಲ್ಲರ ಬಾಯಲ್ಲಿ ಮೈಕೋ, ಸ್ಥಾಪನೆಯಾಯಿತು. ಬೆಂಗಳೂರಿನ ಆಡುಗೋಡಿಯ ಅದರ ಕಾರ್ಖಾನೆಯಲ್ಲಿ ಆ ದಶಕದಲ್ಲೇ ಸ್ಪಾರ್ಕ್ ಪ್ಲಗ್ಗುಗಳು ತಯಾರಾಗತೊಡಗಿದವು. ಆಗ ನಮ್ಮ ಕಲಬುರಗಿ ಹೈದರಾಬಾದ್ ರಾಜ್ಯದಲ್ಲಿತ್ತು. 1956ರಲ್ಲಿ ಎರಡು ಊರುಗಳೂ ಒಂದೇ ರಾಜ್ಯದವಾದವು. ಕಂಪನಿಯ ಹೆಸರು 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಬದಲಾಯಿತಾದರೂ, ನಮ್ಮ ಬ್ರಹ್ಮಪುರದ ಕಡೆಯ ಹಳೆಯ ಉಸ್ತಾದರು ಇಂದಿಗೂ ‘ಮೈಕೋ ಪ್ಲಗ್’ ಎಂದೇ ಕೇಳುವುದನ್ನು ನಾನು ಬಲ್ಲೆ.

ಆ ಪ್ಲಗ್ಗಿನ ಮೈಮೇಲೆ ಅಕ್ಷರ, ಅಂಕಿಗಳ ಒಂದು ಬರಹವುಂಟು. ಹಳಗನ್ನಡ ಪಾಠ ಹೇಳುವವನಾದ ನನಗೆ ಅದು ಒಂದು ಸಣ್ಣ ಶಾಸನದಂತೆ ತೋರುತ್ತದೆ. ಓದಲು ಬಾರದವನಿಗೆ ಅದು ಬರಿಯ ಗೀರು. ಅದರಲ್ಲಿ ಮುಖ್ಯವಾದುದು ಶಾಖದ ಅಂಕಿ. ಪ್ಲಗ್ಗಿನ ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾದರೆ ತನ್ನ ಮೇಲಿನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ; ಸುಮಾರು 850 ಡಿಗ್ರಿ ದಾಟಿದರೆ ಕಿಡಿ ಹಾರುವ ಮೊದಲೇ ಇಂಧನವನ್ನು ಹೊತ್ತಿಸಿ ಪಿಸ್ಟನ್ನಿಗೆ ಕೇಡು ತರುತ್ತದೆ. ಈ ಎರಡು ಗಡಿಗಳ ನಡುವೆ ತುದಿಯನ್ನು ಇರಿಸುವುದೇ ಆ ಅಂಕಿಯ ಕೆಲಸ. ಶಾಖವನ್ನು ಬೇಗ ಬಿಟ್ಟುಕೊಡುವುದು ತಣ್ಣನೆಯ ಪ್ಲಗ್. ತಡೆದಿಟ್ಟುಕೊಳ್ಳುವುದು ಬಿಸಿ ಪ್ಲಗ್.

ತೊಡಕೆಂದರೆ ಈ ಲಿಪಿ ಎಲ್ಲರಿಗೂ ಒಂದೇ ಅಲ್ಲ. ಬಾಷ್‌ನ ಹಳೆಯ ಕ್ರಮದಲ್ಲಿ ಡಬ್ಲ್ಯೂ 145ಕ್ಕಿಂತ ಡಬ್ಲ್ಯೂ 175 ತಣ್ಣನೆಯದು. ಅದರ ಹೊಸ ಕ್ರಮದಲ್ಲಿ ಡಬ್ಲ್ಯೂ 8ಕ್ಕಿಂತ ಡಬ್ಲ್ಯೂ 5 ತಣ್ಣನೆಯದು. ಜಪಾನಿನ ಎನ್‌ಜಿಕೆಯಲ್ಲಿ ಅಂಕಿ ಏರಿದಂತೆ ತಂಪು, ಅಮೆರಿಕದ ಚಾಂಪಿಯನ್‌ನಲ್ಲಿ ಅಂಕಿ ಏರಿದಂತೆ ಬಿಸಿ. ಆದುದರಿಂದ ಹಳೆಯ ಪ್ಲಗ್ಗಿನ ಅಂಕಿಯನ್ನು ಹೇಳಿ ಬೇರೆ ಕಂಪನಿಯದನ್ನು ತರುವುದು ಹಾದಿ ತಪ್ಪಿಸುವ ಕೆಲಸ. ಕಾರಿನ ಕೈಪಿಡಿಯನ್ನೋ ಪ್ಲಗ್ ಕಂಪನಿಯ ಪಟ್ಟಿಯನ್ನೋ ನೋಡಿಯೇ ಕೊಳ್ಳಬೇಕು. ಮರೆಯ ಉದ್ದವೂ ಸರಿಹೊಂದಬೇಕು. ಉದ್ದ ಹೆಚ್ಚಾದರೆ ತುದಿ ಪಿಸ್ಟನ್ನಿಗೇ ತಗಲೀತು. ಬೆಲೆ ಹೆಚ್ಚಾದುದೇ ಮೇಲು ಎಂಬುದು ಇಲ್ಲಿ ನಡೆಯದು.

‘ನಮ್ಮದು ಬಿಸಿಲ ನಾಡು, ತಣ್ಣನೆಯ ಪ್ಲಗ್ಗೇ ಬೇಕು’ ಎನ್ನುವವರುಂಟು. ಕಲಬುರಗಿಯ ಬೇಸಗೆ 40 ಡಿಗ್ರಿ ದಾಟುವುದು ನಿಜ. ಎಂಜಿನ್ನಿನೊಳಗಿನ ಉರಿಯ ಮುಂದೆ ಅದೆಷ್ಟರದು? ಬ್ರಹ್ಮಪುರದಿಂದ ಸೂಪರ್ ಮಾರ್ಕೆಟ್ಟಿಗೆ ಹೋಗಿ ಬರುವಷ್ಟೇ ಓಡಾಟವಿರುವ ಕಾರಿನ ಪ್ಲಗ್ ಕಾಯುವುದೇ ಇಲ್ಲ, ಮಸಿ ಹಿಡಿಯುತ್ತದೆ. ಅದೇ ಕಾರು ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರದವರೆಗೆ ಓಡಿದರೆ ಆ ಮಸಿಯಲ್ಲಿ ಬಹುಪಾಲು ಉರಿದುಹೋಗುತ್ತದೆ. ಅಂಥ ಕಾರಿಗೆ ಇನ್ನೂ ತಣ್ಣನೆಯದನ್ನು ಹಾಕುವುದು ರೋಗವನ್ನು ಸಾಕಿದಂತೆ.

ಬದಲಿಸುವ ಕ್ರಮ ಸರಳ, ಆದರೆ ಅವಸರ ಕೂಡದು. ಎಂಜಿನ್ ತಣಿಯಬೇಕು. ಸುತ್ತಲಿನ ಧೂಳನ್ನು ಊದಿ ತೆಗೆದ ಮೇಲೆಯೇ ಪಾನಾ ಹಾಕಬೇಕು. ಅಂಬಾಸಿಡರಿನ ಸಿಲಿಂಡರುಗಳು 1–3–4–2ರ ಸರದಿಯಲ್ಲಿ ಹೊತ್ತುವುದರಿಂದ ತಂತಿಗಳು ಅದಲುಬದಲಾಗಬಾರದು. ಒಂದೊಂದಾಗಿ ಬಿಚ್ಚಿ ಹಾಕುವುದೇ ಕ್ಷೇಮ. ಕಿಡಿ ಹಾರುವ ಸಂದು ಆ ಕಾರಿನ 1489 ಸಿಸಿ ಎಂಜಿನ್ನಿಗೆ ಇಂಚಿನ ಸಾವಿರದಲ್ಲಿ 25 ಪಾಲು, ಅಂದರೆ ಸುಮಾರು 0.64 ಮಿಲಿಮೀಟರ್. ಹೊಸ ಪ್ಲಗ್ಗನ್ನು ಮೊದಲು ಕೈಯಿಂದಲೇ ತಿರುಗಿಸಿ ಕೂಡಿಸಬೇಕು. ಪಾನಾ ಕೊನೆಯ ಬಿಗಿತಕ್ಕೆ ಮಾತ್ರ.

ಬಿಚ್ಚಿದ ಹಳೆಯ ಪ್ಲಗ್ಗನ್ನು ಎಸೆಯುವ ಮುನ್ನ ಒಮ್ಮೆ ನೋಡಬೇಕು. ತಿಳಿ ಕಂದು ಬಣ್ಣವಿದ್ದರೆ ಆರೋಗ್ಯ. ಒಣ ಮಸಿಯಿದ್ದರೆ ಪೆಟ್ರೋಲ್ ಹೆಚ್ಚು. ಎಣ್ಣೆ ಜಿನುಗಿದ್ದರೆ ರಿಂಗು ಸವೆದಿರಬಹುದು. ಬಿಳಿಚಿಕೊಂಡು ತುದಿ ಕರಗಿದ್ದರೆ ಶಾಖ ಮಿತಿಮೀರಿದೆ. 2000ದಲ್ಲಿ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂದ ಮೇಲೆ ಸೀಸದ ಲೇಪವೂ ಇಲ್ಲವಾಗಿ, ಹಿಂದಿನವರು ಕಂಡ ಬಣ್ಣ ಈಗ ತುಸು ತೆಳುವಾಗಿದೆ.

2014 ನಮಗೆ ನೆನಪಿಡತಕ್ಕ ವರ್ಷ. ಗುಲ್ಬರ್ಗ ತನ್ನ ಕಲಬುರಗಿ ಎಂಬ ಹೆಸರನ್ನು ಮರಳಿ ಪಡೆದುದು ಆಗ. ಅಂಬಾಸಿಡರಿನ ಹಾಗೂ ಮಾರುತಿ 800ರ ತಯಾರಿಕೆ ನಿಂತುದೂ ಅದೇ ವರ್ಷ. ಹೊಸ ಕಾರುಗಳ ರೋಗವನ್ನು ಈಗ ಯಂತ್ರವೇ ಓದಿ ಹೇಳುತ್ತದೆ. ಉಳಿದಿರುವ ಹಳೆಯ ಕಾರುಗಳನ್ನು ಓದಬಲ್ಲ ಕಣ್ಣುಗಳು ಕಡಿಮೆಯಾಗುತ್ತಿವೆ. ಕಾರು ಕೆಟ್ಟರೆ ಬಿಡಿಭಾಗ ಇನ್ನೂ ಸಿಕ್ಕೀತು; ಪ್ಲಗ್ಗಿನ ಬಣ್ಣ ನೋಡಿ ಎಂಜಿನ್ನಿನ ಸ್ಥಿತಿ ಹೇಳುವ ಉಸ್ತಾದನ ವಿದ್ಯೆ, ಕಲಿಯುವವರಿಲ್ಲದಿದ್ದರೆ, ಯಾವ ಅಂಗಡಿಯಲ್ಲಿಯೂ ದೊರೆಯದು.