ಅಕ್ಷರಕ್ಕೆ ಕೈಮುಗಿದವರು, ಅಕ್ಷರ ಸಿಗದವರು



ಪುಸ್ತಕಕ್ಕೆ ಕಾಲು ತಾಗಿದ್ರೆ ನಮ್ಮವ್ವ ಬೈಯೋಳು. "ಮೊದ್ಲು ಕಣ್ಣಿಗೊತ್ಕೋ" ಅನ್ನೋಳು. ಅವಳಿಗೆ ಒಂದಕ್ಷರ ಬರ್ತಿರಲಿಲ್ಲ. ದೇಶನೂರಿನ ಗದ್ದೆಗಳಲ್ಲಿ ಭತ್ತ ನಾಟಿ ಮಾಡಿ ಬಂದ ಕೈಯಲ್ಲಿ ನನ್ನ ಪುಸ್ತಕ ಮುಟ್ಟೋಕೂ ಹೆದರೋಳು. ನಾನು ಓದಿದ ಒಂದು ಶಾಲೆಯಲ್ಲಿ ಸರಸ್ವತಿ ಪೂಜೆಯ ದಿನ ನಮ್ಮ ಕೇರಿ ಮಕ್ಕಳ ಪುಸ್ತಕ ಬೇರೆ ಇಡಿಸಿದ್ರು. ಅವ್ವನ ಹೆದರಿಕೆ ಎಲ್ಲಿಂದ ಬಂತು ಅಂತ ಅವತ್ತು ಅರ್ಥವಾಯ್ತು.

ಚೀನಾದಲ್ಲೂ ಅಕ್ಷರ ಪೂಜ್ಯವೇ. ಬರಹವಿದ್ದ ಕಾಗದ ತುಳಿಯುವಂತಿರಲಿಲ್ಲ, ಕಸಕ್ಕೆ ಎಸೆಯುವಂತಿರಲಿಲ್ಲ. ಬೀದಿಯಲ್ಲಿ ಬಿದ್ದ ಚೂರುಗಳನ್ನೂ ಆಯ್ದು, ಅದಕ್ಕೆಂದೇ ಕಟ್ಟಿದ ಒಲೆಯಲ್ಲಿ ಸುಟ್ಟು, ಬೂದಿಯನ್ನು ನದಿಗೋ ಸಮುದ್ರಕ್ಕೋ ಬಿಡುತ್ತಿದ್ದರು. ಹಾಗೆ ಆಯ್ದವರಲ್ಲಿ ಓದು ಬಾರದ ಬಡವರೂ ಇದ್ದರು. ಪೂಜೆ ಇದ್ದಲ್ಲೆಲ್ಲ ಪಾಲು ಇರಲ್ಲ.

ನಮ್ಮಲ್ಲಿ ಇನ್ನೂ ಕಠಿಣ. ವೇದ ಪವಿತ್ರವಾಗಿದ್ದು ಬರಹದಲ್ಲಲ್ಲ, ಬಾಯಿಂದ ಕಿವಿಗೆ ದಾಟುವ ಸ್ವರದಲ್ಲಿ. ಆ ಕಿವಿ ಶೂದ್ರನದಾದರೆ ಕಾದ ತವರ, ಅರಗು ಹೊಯ್ಯಬೇಕು ಅಂತ ಗೌತಮ ಧರ್ಮಸೂತ್ರ ಹೇಳುತ್ತೆ. ಶೂದ್ರನಿಗೇ ಹೀಗಾದರೆ, ಊರಾಚೆ ಇಟ್ಟ ನಮ್ಮ ಗತಿ ಏನು?

ಈಗ ನಮ್ಮ ಸಿರುಗುಪ್ಪ ತಾಲ್ಲೂಕಿಗೇ ಬನ್ನಿ. ನಿಟ್ಟೂರು, ಉದೆಗೊಳಂ ಬಂಡೆಗಳ ಮೇಲೆ ಕ್ರಿ.ಪೂ. 3ನೇ ಶತಮಾನದ ಬರಹವಿದೆ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. 'ಅಶೋಕ' ಅನ್ನೋ ಹೆಸರೇ ಕಾಣುವ ಬೆರಳೆಣಿಕೆಯ ಶಾಸನಗಳಲ್ಲಿ ಇವೂ ಸೇರಿವೆ. ಉಳಿದ ಕಡೆ ಬರೀ 'ದೇವಾನಾಂಪ್ರಿಯ'. ಅದರ ಸಾರ ಇಷ್ಟು: ಧಮ್ಮದ ಫಲ ದೊಡ್ಡವರಿಗೆ ಮಾತ್ರವಲ್ಲ, ಶ್ರಮಪಟ್ಟರೆ ಸಣ್ಣವರಿಗೂ ಸಿಗುತ್ತೆ. ಗುಡಿಯೊಳಗಲ್ಲ, ಬಯಲಲ್ಲಿ ಬರೆಸಿದ ಮಾತು ಇದು.

ಅವತ್ತು ಎಲ್ಲರೂ ಓದಬಲ್ಲವರಾಗಿದ್ದರು ಅಂತ ನಾನು ಹೇಳಲ್ಲ. ಪಕ್ಕದ ಕರ್ನೂಲು ಜಿಲ್ಲೆಯ ಎರ್ರಗುಡಿ ಶಾಸನವೇ ಈ ಆಜ್ಞೆಯನ್ನು ಭೇರಿ ಬಾರಿಸಿ ಜನಕ್ಕೆ ತಿಳಿಸಿ ಅನ್ನುತ್ತೆ. ಆಗ ಭೇರಿ ಬಾರಿಸಿದವರು ಯಾರೋ ಗೊತ್ತಿಲ್ಲ. ಆದರೆ ಮುಂದೆ ಊರೂರಲ್ಲಿ ಡಂಗುರ ಸಾರೋ ಬಿಟ್ಟಿ ಚಾಕರಿ ನಮ್ಮ ಹೆಗಲಿಗೆ ಬಂತು. ಬರಹ ಮಾತ್ರ ಅವರ ಕೈಯಲ್ಲೇ ಉಳೀತು. ಬ್ರಾಹ್ಮಿಯನ್ನೂ ದೇಶವೇ ಮರೆತಿತ್ತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಓದುವ ತನಕ ಈ ಬರಹಗಳು ಮೂಕವಾಗಿದ್ದವು.

ಮೂಕರಾಗಿದ್ದ ನಮ್ಮ ಜನಕ್ಕಾಗಿಯೇ ಬಾಬಾಸಾಹೇಬರು 1920ರ ಜನವರಿ 31ರಂದು 'ಮೂಕನಾಯಕ' ಪತ್ರಿಕೆ ಶುರು ಮಾಡಿದ್ರು. 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಮನುಸ್ಮೃತಿ ಸುಟ್ಟರು. ಚೀನಾದವರು ಗೌರವಕ್ಕೆ ಕಾಗದ ಸುಟ್ಟರು, ಇವರು ನಮ್ಮ ಗೌರವ ಕಿತ್ತುಕೊಂಡ ಕಾಗದ ಸುಟ್ಟರು. ಅದೇ ಮನುಷ್ಯ ತಮ್ಮ ಪುಸ್ತಕಗಳಿಗಾಗಿ ದಾದರಿನಲ್ಲಿ 'ರಾಜಗೃಹ' ಕಟ್ಟಿಸಿದ್ರು. ಅಕ್ಷರದ ನಿಜವಾದ ಭಕ್ತ ಯಾರು, ನೀವೇ ಹೇಳಿ.

ಈ ದಸರಾಕ್ಕೆ ಪುಸ್ತಕಕ್ಕೆ ಕುಂಕುಮ ಹಚ್ಚಿ ಮುಚ್ಚಿಡಬೇಡ್ರಿ. ಕೇರಿ ಮಕ್ಕಳನ್ನ ನಿಟ್ಟೂರಿನ ಬಂಡೆ ಹತ್ರ ಕರ್ಕೊಂಡು ಹೋಗ್ರಿ. ಅಲ್ಲಿರೋದು ಸಣ್ಣವರಿಗೂ ಸೇರಿದ ಮಾತು ಅಂತ ಓದಿ ಹೇಳ್ರಿ.

ಜೈ ಭೀಮ್.