ಘಟಪ್ರಭೆಯಲ್ಲಿ ಹಾಯಿ ಏಕಿರಲಿಲ್ಲ

ಸಹ್ಯಾದ್ರಿಯಲ್ಲಿ ಹುಟ್ಟಿ, ಹುಕ್ಕೇರಿ ಸೀಮೆಯ ಹಿರಣ್ಯಕೇಶಿಯನ್ನೂ ಗೋಕಾಕದ ಬಳಿ ಮಾರ್ಕಂಡೇಯವನ್ನೂ ಕೂಡಿಸಿಕೊಂಡು, ಮೂಡಲಗಿಯ ಹೊಲಗಳ ಅಂಚಿನಲ್ಲಿ ಹರಿದು ಕಡೆಗೆ ಚಿಕ್ಕಸಂಗಮದಲ್ಲಿ ಕೃಷ್ಣೆಯೊಡನೆ ಬೆರೆಯುವ ಘಟಪ್ರಭೆಯು ಒಂದೇ ಸ್ವಭಾವದ ನದಿಯಲ್ಲ. ಶ್ರಾವಣದಲ್ಲಿ ದಡ ಮೀರುವ ಈಕೆಯೇ ಬೇಸಗೆಯಲ್ಲಿ ಬಂಡೆಗಳ ನಡುವಣ ಮಡುಗಳಾಗಿ ಉಳಿಯುವಳು. ‘ಹೊಳಿ ಬಂತು’ ಎಂದು ಈ ಭಾಗದವರು ಹೇಳಿದರೆ ಪ್ರವಾಹವೆಂದೇ ಅರ್ಥ; ಉಳಿದ ದಿನಗಳಲ್ಲಿ ಹೊಳೆ ಇದ್ದೂ ಇಲ್ಲದಂತೆ. ಗೋಕಾಕದಲ್ಲಿಯಂತೂ ಅದು 170 ಅಡಿಯ ಪ್ರಪಾತಕ್ಕೆ ಧುಮುಕುತ್ತದೆ. ಇಂತಹ ನೀರಿನಲ್ಲಿ ಗಾಳಿಯನ್ನು ನಂಬಿ ಪಟ ಬಿಚ್ಚುವವನಿಗೆ ಎಡೆಯೆಲ್ಲಿ?

ಆದುದರಿಂದಲೇ ಈ ಹೊಳೆಗಳಿಗೆ ಒಪ್ಪಿದ ವಾಹನವು ಹರಿಗೋಲು. ಬಿದಿರಿನ ಬುಟ್ಟಿಗೆ ಚರ್ಮ ಹೊದಿಸಿ ಮಾಡಿದ, ಮುಂದು ಹಿಂದುಗಳೆಂಬ ಭೇದವೇ ಇಲ್ಲದ ಈ ದುಂಡು ದೋಣಿಯು ಮೊಣಕಾಲುದ್ದದ ನೀರಿನಲ್ಲಿಯೂ ತೇಲುವುದು, ಬಂಡೆಗೆ ತಾಗಿದರೆ ಒಡೆಯದೆ ತಿರುಗಿಕೊಳ್ಳುವುದು, ಕೆಲಸ ಮುಗಿದ ಮೇಲೆ ಅಂಬಿಗನ ತಲೆಯೇರಿ ಮನೆಗೆ ಬರುವುದು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ ಪ್ರವಾಸಿ ಡೊಮಿಂಗೊ ಪಾಯಸನು ಆನೆಗೊಂದಿಯ ಕಡವಿನಲ್ಲಿ ಇದನ್ನು ಕಂಡು, ಹದಿನೈದಿಪ್ಪತ್ತು ಜನರನ್ನು ಹೊತ್ತು ಸದಾ ಗಿರ್ರನೆ ಸುತ್ತುತ್ತಲೇ ಸಾಗುವ ಬುಟ್ಟಿಯೆಂದು ಬೆರಗಾಗಿ ಬರೆದಿಟ್ಟನು. 1803ರಲ್ಲಿ ಮರಾಠರ ಮೇಲೆ ದಂಡೆತ್ತಿ ಹೊರಟ ಆರ್ಥರ್ ವೆಲ್ಲೆಸ್ಲಿಯು, ಮಳೆಗಾಲದಲ್ಲಿ ತುಂಬಿ ಹರಿಯುವ ಮಲಪ್ರಭೆ, ಘಟಪ್ರಭೆ, ಕೃಷ್ಣೆಗಳನ್ನು ನೆನೆದು, ತನ್ನ ಸೈನ್ಯಕ್ಕಾಗಿ ಇಂತಹ ಬುಟ್ಟಿದೋಣಿಗಳನ್ನೇ ಮಾಡಿಸಿದನು. ಮುಂದೆ ವಾಟರ್‌ಲೂದಲ್ಲಿ ನೆಪೋಲಿಯನ್ನನನ್ನು ಗೆದ್ದವನಿಗೂ ನಮ್ಮ ಹೊಳೆಗಳ ಮುಂದೆ ಅಂಬಿಗನ ವಿದ್ಯೆಯೇ ಗತಿಯಾಯಿತೆಂಬುದು ನನಗೆ ಹಿತವಾದ ಸಂಗತಿ.

ಈ ವಿದ್ಯೆಗೆ ಸಂಘವಿರಲಿಲ್ಲ, ಚಂದಾ ಇರಲಿಲ್ಲ; ಕಡವೇ ಶಾಲೆ. ಏನೂ ಅರಿಯದವನ ಬೆನ್ನಿಗೆ ಒಣಗಿದ ಸೋರೆಬುರುಡೆಗಳನ್ನು ಕಟ್ಟಿ ನೀರಿಗೆ ಬಿಡುವುದು ಮೊದಲ ಪಾಠ. ಈಜು ಬಂದವನ ಕೈಗೆ ಹುಟ್ಟು, ಸೆಳವಿನ ಮರ್ಮ ತಿಳಿದವನಿಗೆ ತುಂಬಿದ ಹೊಳೆ. ಸೋರೆಬುರುಡೆಯನ್ನು ಕಂಡು ನಗುವವರು 2013ನ್ನು ನೆನೆಯಬೇಕು: ಆ ವರ್ಷ ಕೃಷ್ಣೆಯು ಉಕ್ಕಿದಾಗ ಯಾದಗಿರಿ ಜಿಲ್ಲೆಯ ನೀಲಕಂಠರಾಯನಗಡ್ಡೆಯೆಂಬ ನಡುಗಡ್ಡೆಯ ತುಂಬುಗರ್ಭಿಣಿಯೊಬ್ಬಳು, ಒಣಬುರುಡೆಗಳ ಆಸರೆಯಿಂದಲೇ ಈಜಿ ದಡ ಸೇರಿದಳು. ಹನ್ನೆರಡನೆಯ ಶತಮಾನದ ಶರಣರಲ್ಲಿ ಬಹುಮಂದಿ ತಮ್ಮ ಇಷ್ಟದೈವದ ಹೆಸರನ್ನು ಅಂಕಿತವಾಗಿಸಿಕೊಂಡಿರಲು, ಅಂಬಿಗರ ಚೌಡಯ್ಯನು ತನ್ನ ಕಸುಬನ್ನೂ ಹೆಸರನ್ನೂ ಕೂಡಿಸಿ ಅಂಕಿತವಾಗಿಟ್ಟುದರಲ್ಲಿ ಈ ಕಡವಿನ ಕೆಚ್ಚು ಇದೆ.

ಸೇತುವೆಗಳು ಬಂದು ಕಡವುಗಳು ಸೊರಗಿದವು. ಮೂಡಲಗಿಯ ಸುಣಧೋಳಿ, ಅವರಾದಿಗಳ ಸೇತುವೆಗಳು ಅದೆಷ್ಟೋ ಮಳೆಗಾಲಗಳಲ್ಲಿ ಮುಳುಗಿ, ಹರಿಗೋಲನ್ನು ಮತ್ತೆ ನೆನಪಿಸಿವೆಯೆಂಬುದು ಬೇರೆ ಮಾತು. ಆದರೆ ದೊಡ್ಡ ಪಲ್ಲಟವು ನಿಂತ ನೀರಿನಿಂದಾಯಿತು. 1897ರಲ್ಲಿ ಮುಗಿದ ಧೂಪದಾಳದ ಒಡ್ಡು ನದಿಯನ್ನು ತಡೆದು ಕೆರೆಯನ್ನಾಗಿಸಿತು. ಅಲ್ಲಿಗೆ ಚಳಿಗಾಲದಲ್ಲಿ ಪರದೇಶದ ಹಕ್ಕಿಗಳು ಇಳಿಯತೊಡಗಿದವು. 1977ರಲ್ಲಿ ಪೂರೈಸಿದ ಹಿಡಕಲ್ಲಿನ ರಾಜಾ ಲಖಮಗೌಡ ಜಲಾಶಯವಾದರೋ 51 ಟಿ.ಎಂ.ಸಿ. ನೀರಿನ ಸರೋವರ. ಹುನ್ನೂರಿನ ವಿಠ್ಠಲನ ಗುಡಿಯೂ ಅದರೊಳಗೆ ಮುಳುಗಿದೆ. ಬೇಸಗೆಯಲ್ಲಿ ನೀರಿಳಿದಾಗ ಮೇಲೆದ್ದ ಆ ಗುಡಿಗೆ ಭಕ್ತರು ಕೆಸರು ತುಳಿದು ಹೋಗುತ್ತಾರೆ.

ಹಾಯಿಯು ಬೇಡುವುದು ಇಂತಹ ನೀರನ್ನೇ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು ಹಾಯಿದೋಣಿ ನಡೆಸುವುದುಂಟು; ಅಲ್ಲಿನ ಕ್ಲಬ್ಬಿನ ಹೆಸರು ತೃಷ್ಣಾ. ಅದೇ ಹೆಸರಿನ ನೌಕೆಯಲ್ಲಿ ಭೂಸೇನೆಯ ಎಂಜಿನಿಯರುಗಳು 1985ರಲ್ಲಿ ಹೊರಟು 1987ರಲ್ಲಿ ಭೂಮಂಡಲವನ್ನು ಸುತ್ತಿ ಬಂದರು. ಎದುರುಗಾಳಿಗೆ ನೇರವಾಗಿ ನುಗ್ಗದೆ ಓರೆಯೋರೆಯಾಗಿ ಮುಂದುವರಿಯುವುದು, ಚುಕ್ಕಾಣಿಯನ್ನೂ ಪಟದ ಹಗ್ಗವನ್ನೂ ಏಕಕಾಲಕ್ಕೆ ಸಂಭಾಳಿಸುವುದು, ಮಗುಚಿದ ದೋಣಿಯನ್ನು ನೀರಿನಲ್ಲಿದ್ದೇ ನೆಟ್ಟಗೆ ಮಾಡುವುದು, ಇವು ಹೊಸಬನು ಮೊದಮೊದಲು ಕಲಿಯುವ ಪಾಠಗಳು.

ಹಿಡಕಲ್ಲಿನ ಮೇಲೆ ಆಷಾಢದ ಪಡುವಣ ಗಾಳಿ ಬೀಸುವಾಗ, ಇಲ್ಲಿಯೂ ಅಂತಹದೊಂದು ಸಂಘ ನೆಲೆಗೊಂಡು ಗೋಕಾಕ, ಮೂಡಲಗಿ, ಹುಕ್ಕೇರಿಗಳ ಹುಡುಗರು ಬರತೊಡಗಿದರೆ ಮೊದಲ ದಿನ ಏನಾದೀತೆಂದು ನಾನು ಊಹಿಸುವುದುಂಟು. ಈಜು ಬಾರದವನನ್ನು ಯಾರೂ ಹಿಂದಕ್ಕೆ ಕಳಿಸುವುದಿಲ್ಲ. ಸೋರೆಬುರುಡೆಗೆ ಬದಲಾಗಿ ಲೈಫ್ ಜಾಕೆಟ್ಟು ಕಟ್ಟುತ್ತಾರೆ, ಅಷ್ಟೆ.